ಎಳೆಗಿವಿ ನೋಡಲು ಪಳಗಿದ ಕೈ ಬೇಕು: ಚಿಕ್ಕಬಳ್ಳಾಪುರ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ನಮಸ್ಕಾರಗಳು.

ಹೆರಿಗೆ ಆಸ್ಪತ್ರೆಗೆ ಕಿವಿ ತಪಾಸಣೆಯ ಯಂತ್ರ ತರಿಸುವುದು ದೊಡ್ಡ ಮಾತಲ್ಲ. ಟೆಂಡರ್ ಕರೆದರೆ ಬರುತ್ತದೆ, ಸ್ಟಾಕ್ ರಿಜಿಸ್ಟರ್ ಏರುತ್ತದೆ, ಬೀರು ಸೇರುತ್ತದೆ. ಅದರ ತುದಿಯನ್ನು ಎರಡು ದಿನದ ಕೂಸಿನ ಕಿವಿಯಲ್ಲಿ ಸರಿಯಾಗಿ ಕೂರಿಸಬಲ್ಲ ಮೂರು ಜನರನ್ನು ಪ್ರತಿ ಆಸ್ಪತ್ರೆಯಲ್ಲೂ ತಯಾರು ಮಾಡಿ, ಅವರನ್ನು ಅಲ್ಲೇ ಉಳಿಸಿಕೊಳ್ಳುವುದು ಕಷ್ಟದ ಕೆಲಸ. ಈ ಪತ್ರ ಆ ಮೂರು ಜನರ ತರಬೇತಿ ಹೇಗಿರಬೇಕು ಎಂಬುದರ ಬಗ್ಗೆ.

ಹುಟ್ಟುವ 1,000 ಮಕ್ಕಳಲ್ಲಿ 1ರಿಂದ 3 ಮಕ್ಕಳಿಗೆ ಶಾಶ್ವತ ಶ್ರವಣದೋಷ ಇರುತ್ತದೆ. ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ದಿನಗಟ್ಟಲೆ ಇದ್ದು ಬಂದ ಮಕ್ಕಳಲ್ಲಿ ಪ್ರಮಾಣ ಹಲವು ಪಟ್ಟು ಹೆಚ್ಚು. ಆದರೆ ಶ್ರವಣದೋಷವಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಯಾವ ಅಪಾಯದ ಲಕ್ಷಣವೂ ಇರುವುದಿಲ್ಲ: ತುಂಬು ತಿಂಗಳು, ಒಳ್ಳೆಯ ತೂಕ, ಹುಟ್ಟಿದ ಕೂಡಲೇ ಅಳು. ಹೀಗಾಗಿ ‘ಅನುಮಾನ ಇರುವ ಮಕ್ಕಳನ್ನಷ್ಟೇ ನೋಡೋಣ’ ಎಂದರೆ ಅರ್ಧ ಮಕ್ಕಳನ್ನು ಬಿಟ್ಟ ಹಾಗೆ. 2013ರ ಫೆಬ್ರುವರಿಯಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನವೂ ಇದೆ. ಸೀಳುತುಟಿ, ತಿರುಚಿದ ಪಾದದ ಜೊತೆಯಲ್ಲೇ ಇದೆ. ಅವೆರಡು ಕಣ್ಣಿಗೆ ಕಾಣುತ್ತವೆ, ಕಿವುಡುತನ ಕಾಣುವುದಿಲ್ಲ. ಕೂಸನ್ನು ತಲೆಯಿಂದ ಕಾಲಿನವರೆಗೆ ನೋಡಿ ಫಾರಂ ತುಂಬುವವರು ಕಿವಿಯ ಸಾಲಿನಲ್ಲಿ ‘ಸರಿಯಿದೆ’ ಎಂದು ಟಿಕ್ ಹಾಕುವುದು ಹೊರಗಿವಿಯ ಆಕಾರ ನೋಡಿ.

ಜಗತ್ತಿನಲ್ಲೆಲ್ಲ ಈ ಕೆಲಸಕ್ಕೆ ಇಟ್ಟುಕೊಂಡಿರುವ ಗಡುವು 1-3-6. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಆರು ತಿಂಗಳ ಗಡುವು ಮನಸ್ಸಿಗೆ ಬಂದ ಅಂಕಿಯಲ್ಲ. ಅಷ್ಟರೊಳಗೆ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿರುತ್ತದೆ ಎಂಬುದು 1998ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಗಿದೆ. ನಮ್ಮ ಕಡೆ ಮನೆಯವರಿಗೆ ಅನುಮಾನ ಹುಟ್ಟುವುದು ಮಗು ಮಾತಾಡುತ್ತಿಲ್ಲ ಎಂದಾಗ. ಆಗಲೂ ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಅಂತ ಒಂದು ವರ್ಷ ಹೋಗುತ್ತದೆ.

ಈಗ ತರಬೇತಿಯ ವಿಷಯ. ಸಾಮಾನ್ಯವಾಗಿ ನಡೆಯುವುದು ಹೀಗೆ: ಒಂದು ಸಭಾಂಗಣ, 60 ಕುರ್ಚಿ, ಒಂದು ಯಂತ್ರ, ಸ್ಲೈಡುಗಳು, ಊಟ, ಸಂಜೆಗೆ ಪ್ರಮಾಣಪತ್ರ. ಯಂತ್ರ ಕೈಯಿಂದ ಕೈಗೆ ಹೋಗುತ್ತದೆ. ಯಾರೋ ಪಕ್ಕದವರ ಕಿವಿಗೆ ಇಟ್ಟು ನೋಡುತ್ತಾರೆ, ‘ಪಾಸ್’ ಬರುತ್ತದೆ, ಎಲ್ಲರೂ ನಗುತ್ತಾರೆ. ದೊಡ್ಡವರ ಕಿವಿನಾಳದ ಒಳಭಾಗಕ್ಕೆ ಮೂಳೆಯ ಆಸರೆ ಇರುತ್ತದೆ, ಹೇಗೆ ಇಟ್ಟರೂ ತುದಿ ಕೂರುತ್ತದೆ. ಕೂಸಿನ ಕಿವಿನಾಳಕ್ಕೆ ಆ ಆಸರೆ ಇಲ್ಲ. ಅದು ಮೆತ್ತಗೆ, ಮುಚ್ಚಿಕೊಂಡ ಹಾಗೆ ಇರುತ್ತದೆ. ದೊಡ್ಡವರ ಕಿವಿಯಲ್ಲಿ ಕಲಿತದ್ದು ಅಲ್ಲಿ ನಡೆಯುವುದಿಲ್ಲ.

ಯಂತ್ರ ಏನು ಮಾಡುತ್ತದೆ ಎಂಬುದನ್ನು ಮೊದಲ ಅರ್ಧ ಗಂಟೆಯಲ್ಲೇ ಹೇಳಿಬಿಡಬೇಕು. ಒಎಇ ಯಂತ್ರ ಕಿವಿಯೊಳಗೆ ಸಣ್ಣ ಸದ್ದು ಬಿಡುತ್ತದೆ. ಒಳಗಿವಿಯ ಹೊರ ರೋಮಕೋಶಗಳು ಆರೋಗ್ಯವಾಗಿದ್ದರೆ ಅದಕ್ಕೆ ಪ್ರತಿಯಾಗಿ ತಾವೇ ಒಂದು ಅತಿ ಕ್ಷೀಣ ಸದ್ದು ಹೊರಡಿಸುತ್ತವೆ. ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ಟ ಸಂಗತಿ ಇದು. ಆ ಸದ್ದು ನಡುಗಿವಿ, ಕಿವಿತಮಟೆ, ಕಿವಿನಾಳ ದಾಟಿ ಹೊರಗೆ ಬರಬೇಕು, ಕಿವಿಯಲ್ಲಿಡುವ ಭಾಗವಾದ ಪ್ರೋಬ್‌ನೊಳಗಿನ ಮೈಕ್ ಅದನ್ನು ಹಿಡಿಯಬೇಕು. ದಾರಿಯಲ್ಲಿ ಜಿಡ್ಡಿದ್ದರೆ, ನೀರಿದ್ದರೆ, ತುದಿ ಗೋಡೆಗೆ ಒತ್ತಿಕೊಂಡಿದ್ದರೆ, ಪಕ್ಕದಲ್ಲಿ ಫ್ಯಾನ್ ಗರಗರ ಎನ್ನುತ್ತಿದ್ದರೆ ಕಿವಿ ಚೆನ್ನಾಗಿದ್ದೂ ಉತ್ತರ ಸಿಗುವುದಿಲ್ಲ. ಇದೊಂದು ಅರ್ಥವಾದರೆ ಮುಂದಿನ ಪ್ರತಿ ಹೆಜ್ಜೆ ಯಾಕೆ ಎಂಬುದು ಕಲಿಯುವವರಿಗೆ ತಾನಾಗಿಯೇ ಹೊಳೆಯುತ್ತದೆ. ಅರ್ಥವಾಗದಿದ್ದರೆ ಗುಂಡಿ ಒತ್ತುವುದಷ್ಟೇ ಉಳಿಯುತ್ತದೆ.

ಒಂದು ಕಿವಿಯ ತಪಾಸಣೆಯನ್ನು ಹತ್ತಿರದಿಂದ ನೋಡೋಣ.

ಹುಟ್ಟಿ 24 ಗಂಟೆ ಆಗಿರಬೇಕು, 48 ಆಗಿದ್ದರೆ ಇನ್ನೂ ಒಳ್ಳೆಯದು. ಮೊದಲ ದಿನ ಕಿವಿನಾಳದಲ್ಲಿ ಹುಟ್ಟುವಾಗಿನ ಬಿಳಿ ಜಿಡ್ಡು, ನಡುಗಿವಿಯಲ್ಲಿ ದ್ರವ ಇರುತ್ತದೆ. ಸಿಸೇರಿಯನ್ ಕೂಸುಗಳಲ್ಲಿ ಬೇಗ ನೋಡಿದರೆ ಇದರ ಕಾಟ ಇನ್ನೂ ಹೆಚ್ಚು. ಹಾಗೆಂದು 24 ಗಂಟೆಗೇ ಮನೆಗೆ ಹೊರಟ ಬಾಣಂತಿಯನ್ನು ತಪಾಸಣೆ ಇಲ್ಲದೆ ಕಳುಹಿಸುವುದೂ ಬೇಡ. ಮಗು ಹಾಲು ಕುಡಿದು ನಿದ್ದೆಗೆ ಜಾರಿರಬೇಕು. ಮೊಲೆ ಚೀಪುತ್ತಿರುವಾಗ ಮಾಡಿದರೆ ಚೀಪುವ ಸದ್ದೇ ಮೈಕ್ ತುಂಬುತ್ತದೆ. ಕೈ ತೊಳೆದುಕೊಂಡು, ಕುಲಾವಿ ಬಿಚ್ಚಿ, ಕೈಕಾಲು ಒಳಗೆ ಸೇರಿಸಿ ಬಟ್ಟೆಯಲ್ಲಿ ಸುತ್ತಿ, ಮಗ್ಗುಲಾಗಿ ಮಲಗಿಸಬೇಕು. ನೋಡಬೇಕಾದದ್ದು ಮೇಲಿರುವ ಕಿವಿ. ಹಾಸಿಗೆಗೆ ಒತ್ತಿಕೊಂಡಿದ್ದ ಕಿವಿಯ ನಾಳ ಚಪ್ಪಟೆಯಾಗಿರುತ್ತದೆ. ಮಗ್ಗುಲು ಬದಲಿಸಿದ ಮೇಲೆ ಅದಕ್ಕೆ ಕೊಂಚ ಹೊತ್ತು ಬಿಡಬೇಕು, ಕಿವಿಯ ಬುಡವನ್ನು ಬೆರಳಲ್ಲಿ ಮೃದುವಾಗಿ ತೀಡಬೇಕು.

ಆಮೇಲೆ ಟಿಪ್, ಅಂದರೆ ಪ್ರೋಬ್‌ನ ಮೂತಿಗೆ ಹಾಕುವ ಮೆತ್ತನೆಯ ತುದಿ. ಕಿವಿಯ ಬಾಯಿ ನೋಡಿ ಅಳತೆ ಆರಿಸಬೇಕು, ಡಬ್ಬಿಯಲ್ಲಿ ಮೇಲೆ ಸಿಕ್ಕಿದ್ದನ್ನಲ್ಲ. ಚಿಕ್ಕದಾದರೆ ಸುತ್ತಲಿಂದ ಹೊರಗಿನ ಸದ್ದು ನುಗ್ಗುತ್ತದೆ, ದೊಡ್ಡದಾದರೆ ಒಳಗೇ ಹೋಗುವುದಿಲ್ಲ, ಬಾಯಲ್ಲೇ ನಿಂತು ಜಾರುತ್ತದೆ. ಟಿಪ್ ಪ್ರೋಬ್‌ಗೆ ಪೂರ್ತಿ ಏರಿರಬೇಕು. ಒಂದು ಕೈಯಲ್ಲಿ ಹೊರಗಿವಿಯನ್ನು ಕೆಳಕ್ಕೂ ಹಿಂದಕ್ಕೂ ಎಳೆಯಬೇಕು. ದೊಡ್ಡವರ ಕಿವಿ ನೋಡುವಾಗ ಮೇಲಕ್ಕೆ ಎಳೆಯುವ ಅಭ್ಯಾಸ ಇರುವ ಸಿಸ್ಟರ್‌ಗಳು ಇಲ್ಲೂ ಹಾಗೇ ಮಾಡುತ್ತಾರೆ, ನಾಳ ತೆರೆಯುವ ಬದಲು ಮುಚ್ಚಿಕೊಳ್ಳುತ್ತದೆ. ಇನ್ನೊಂದು ಕೈಯಲ್ಲಿ ಪ್ರೋಬನ್ನು ಮಗುವಿನ ಮೂಗಿನ ದಿಕ್ಕಿಗೆ ಮುಖ ಮಾಡಿ ತುಸು ತಿರುಗಿಸುತ್ತ ಒಳಗೆ ಕೂರಿಸಿ, ಕಿವಿ ಬಿಟ್ಟು, ಕೈ ತೆಗೆಯಬೇಕು. ಕೈ ತೆಗೆಯಬೇಕು ಎಂಬುದನ್ನು ಒತ್ತಿ ಹೇಳುತ್ತೇವೆ. ಪ್ರೋಬ್ ತಾನಾಗಿ ನಿಂತರೆ ಕೂತಿದೆ ಎಂದರ್ಥ. ಒತ್ತಿ ಹಿಡಿದುಕೊಂಡೇ ಇರಬೇಕೆಂದರೆ ಕೂತಿಲ್ಲ, ಜೊತೆಗೆ ಬೆರಳಿನ ಅಲುಗಾಟವೂ ಸದ್ದಾಗಿ ಸೇರುತ್ತದೆ. ವೈರನ್ನು ಸುತ್ತಿದ ಬಟ್ಟೆಗೆ ಕ್ಲಿಪ್ ಹಾಕಬೇಕು, ಅದರ ಭಾರ ಕಿವಿಯ ಮೇಲೆ ಬೀಳಬಾರದು.

ಪರದೆಯ ಮೇಲೆ ಪ್ರೋಬ್ ಕೂತಿದೆ ಎಂಬ ಗುರುತು ಬಂದ ಮೇಲೆ ಶುರು. ಸದ್ದಿನ ಪಟ್ಟಿ ಮೇಲೇರಿದರೆ ಕಾಯಬೇಕು. ಉತ್ತರ ಮೂರು ತರ ಬರುತ್ತದೆ: ಪಾಸ್, ರೆಫರ್ (ಕಿವಿಯಿಂದ ಉತ್ತರ ಸಿಗಲಿಲ್ಲ, ಮತ್ತೆ ನೋಡಬೇಕು), ಇಲ್ಲವೇ ಸದ್ದು ಹೆಚ್ಚು ಅಥವಾ ಪ್ರೋಬ್ ಸರಿಯಿಲ್ಲ ಎಂಬ ಸೂಚನೆ. ಈ ಮೂರನೆಯದು ತಪಾಸಣೆಯೇ ಅಲ್ಲ. ಅದನ್ನು ರೆಫರ್ ಎಂದು ಬರೆದುಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ರೆಫರ್ ಬಂದರೆ ಪ್ರೋಬ್ ಹೊರತೆಗೆದು ಟಿಪ್‌ನ ತೂತು ನೋಡಬೇಕು. ಹತ್ತರಲ್ಲಿ ಹಲವು ಸಲ ಬಿಳಿ ಜಿಡ್ಡು ಅಲ್ಲೇ ಅಂಟಿಕೊಂಡಿರುತ್ತದೆ, ಅಂದರೆ ಕಿವಿಯಿಂದ ಕೊಂಚ ಈಚೆ ಬಂದಿದೆ. ಟಿಪ್ ಬದಲಿಸಿ, ಅಷ್ಟರಲ್ಲಿ ಇನ್ನೊಂದು ಕಿವಿ ಮುಗಿಸಿ, ಮತ್ತೆ ಇದಕ್ಕೆ ಬರಬೇಕು.

ಎಷ್ಟು ಸಲ? ಒಂದು ಹೊತ್ತಿಗೆ ಒಂದು ಕಿವಿಗೆ ಎರಡು ಸಲ ಸರಿಯಾದ ಪರೀಕ್ಷೆ. ಅಷ್ಟೇ. ಇದನ್ನು ಹೇಳಿಕೊಡದ ತರಬೇತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ‘ಪಾಸ್ ಬರುವ ತನಕ ಮಾಡು’ ಎಂಬ ಮಾತು ವಾರ್ಡುಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹುಟ್ಟುತ್ತದೆ: ತಾಯಿಗೆ ಗಾಬರಿ ಯಾಕೆ, ರಿಜಿಸ್ಟರ್ ಚೆನ್ನಾಗಿರಲಿ ಎಂದು. ಯಂತ್ರ ಲೆಕ್ಕ ಹಾಕುವುದು ಸಂಭಾವ್ಯತೆಯ ಮೇಲೆ. ಹತ್ತು ಸಲ ಮಾಡಿದರೆ ಯಾವುದೋ ಒಂದು ಸಲ ಸುತ್ತಲಿನ ಸದ್ದೇ ಕಿವಿಯ ಉತ್ತರದಂತೆ ಕಂಡು ಪಾಸ್ ಎನ್ನಬಹುದು. ಆ ಹುಸಿ ಪಾಸ್ ಹಿಡಿದುಕೊಂಡು ಹೋದ ಕೂಸನ್ನು ಇನ್ನು ಎರಡು ವರ್ಷ ಯಾರೂ ಅನುಮಾನಿಸುವುದಿಲ್ಲ. ‘ಆಸ್ಪತ್ರೆಯಲ್ಲಿ ಟೆಸ್ಟ್ ಮಾಡಿದ್ದರು, ಸರಿಯಿದೆ ಅಂದಿದ್ದರು.’ ತಪಾಸಣೆಯೇ ಆಗದಿದ್ದ ಮಗುವಿಗಿಂತ ಇದರ ಸ್ಥಿತಿ ಕೆಟ್ಟದ್ದು.

ಎಸ್‌ಎನ್‌ಸಿಯು ಮಕ್ಕಳ ಲೆಕ್ಕವೇ ಬೇರೆ. 5 ದಿನಕ್ಕಿಂತ ಹೆಚ್ಚು ಅಲ್ಲಿದ್ದ ಕೂಸಿಗೆ ಒಎಇ ಒಂದೇ ಸಾಲದು, ನರದ ದಾರಿಯನ್ನೂ ನೋಡುವ ಎಎಬಿಆರ್ ಪರೀಕ್ಷೆ ಮಾಡಲೇಬೇಕು. ಕಾಮಾಲೆ ಏರಿ ರಕ್ತ ಬದಲಾಯಿಸಿದ, ಹುಟ್ಟಿದಾಗ ಉಸಿರು ಕಟ್ಟಿದ್ದ, ವೆಂಟಿಲೇಟರಿನಲ್ಲಿದ್ದ ಮಕ್ಕಳಲ್ಲಿ ಕೆಲವರಿಗೆ ರೋಮಕೋಶಗಳು ಚೆನ್ನಾಗಿದ್ದು, ಅಲ್ಲಿಂದ ಮೇಲಕ್ಕೆ ನರದ ದಾರಿ ಕೆಟ್ಟಿರುತ್ತದೆ. ಒಎಇ ಪಾಸ್ ಆಗುತ್ತದೆ, ಮಗುವಿಗೆ ಮಾತು ಅರ್ಥವಾಗುವಂತೆ ಕೇಳಿಸುವುದಿಲ್ಲ. ಎಎಬಿಆರ್ ಯಂತ್ರ 35 ಡೆಸಿಬೆಲ್ ಮಟ್ಟದ ಕ್ಲಿಕ್ ಸದ್ದು ಕೊಟ್ಟು, ನರ ಮತ್ತು ಮಿದುಳುಕಾಂಡದ ಪ್ರತಿಕ್ರಿಯೆಯನ್ನು ಚರ್ಮದ ಮೇಲಿಟ್ಟ ಮೂರು ಎಲೆಕ್ಟ್ರೋಡ್‌ಗಳಿಂದ ಓದುತ್ತದೆ. ಹೀಗಾಗಿ ಇನ್ನೊಂದು ನಿಯಮ: ಎಎಬಿಆರ್‌ನಲ್ಲಿ ರೆಫರ್ ಬಂದ ಮಗುವಿಗೆ ಒಎಇ ಮಾಡಿ ‘ಪಾಸ್ ಆಯಿತು’ ಎಂದು ಕಳುಹಿಸಬಾರದು. ಯಂತ್ರ ಎರಡೂ ಇರುವ ಕಡೆ ಈ ತಪ್ಪು ತೀರಾ ಸುಲಭ.

ಎಎಬಿಆರ್ ಕಲಿಸುವಾಗ ಹೆಚ್ಚು ಹೊತ್ತು ಹಿಡಿಯುವುದು ಚರ್ಮ ಸಿದ್ಧಮಾಡುವುದು. ಮೈಗೆ ಹಚ್ಚಿದ ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ಗಾಜ್ ಬಟ್ಟೆಗೆ ಜೆಲ್ ಹಾಕಿ ಮೆಲ್ಲನೆ ಒರೆಸಿ, ಒಣಗಿಸಿ, ಅಂಟಿಸಿ, ಯಂತ್ರದ ಮಿತಿಯೊಳಗೆ ಇಂಪೀಡೆನ್ಸ್ (ಚರ್ಮ ಒಡ್ಡುವ ವಿದ್ಯುತ್ ತಡೆ) ಇಳಿಯುವ ತನಕ ಕಾಯಬೇಕು. ಮಗು ಗಾಢ ನಿದ್ದೆಯಲ್ಲಿರಬೇಕು. ಕತ್ತಿನ ಸ್ನಾಯು ಬಿಗಿದಿದ್ದರೂ ಓದು ಕೆಡುತ್ತದೆ. ಫೋಟೊಥೆರಪಿ ದೀಪ, ವಾರ್ಮರ್, ಇನ್ಫ್ಯೂಷನ್ ಪಂಪ್, ಮೊಬೈಲ್ ಚಾರ್ಜರ್ ಪಕ್ಕದಲ್ಲಿದ್ದರೆ ವಿದ್ಯುತ್ ಗದ್ದಲ ಸೇರುತ್ತದೆ. ಯಂತ್ರವನ್ನು ಪ್ಲಗ್ಗಿನಿಂದ ಬಿಡಿಸಿ ಬ್ಯಾಟರಿ ಮೇಲೆ ನಡೆಸುವುದು ಒಳ್ಳೆಯದು. ಬೆಂಗಳೂರಿಗೆ ಕಳುಹಿಸಿ ವಾಪಸ್ ಬಂದ ಕೂಸುಗಳ ಡಿಸ್ಚಾರ್ಜ್ ಸಾರಾಂಶದಲ್ಲಿ ಕಿವಿ ತಪಾಸಣೆಯ ಸಾಲು ಇದೆಯೇ ಎಂದು ಹುಡುಕುವುದನ್ನೂ ಇಲ್ಲೇ ಕಲಿಸಬೇಕು. ಇಲ್ಲದಿದ್ದರೆ ಆಗಿಲ್ಲ ಎಂದೇ ತಿಳಿಯಬೇಕು.

ನಮ್ಮ ಊರುಗಳಿಗೇ ಸೇರಿದ ಕೆಲವು ತೊಡಕುಗಳು ಹೊರಗಿನಿಂದ ಬಂದ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಮಗುವಿಗೆ ನೀರೆರೆಯುವ ಅಜ್ಜಿ ಕಿವಿಗೆ ಹರಳೆಣ್ಣೆಯೋ ಕೊಬ್ಬರಿಎಣ್ಣೆಯೋ ಎರಡು ತೊಟ್ಟು ಬಿಡುತ್ತಾರೆ. ಎರಡನೇ ತಪಾಸಣೆಗೆ ಬಂದಾಗ ಆ ಎಣ್ಣೆ ಸಾಂಬ್ರಾಣಿ ಹೊಗೆ, ದೂಳು ಹಿಡಿದು ಗಟ್ಟಿಯಾಗಿರುತ್ತದೆ. ಪ್ರೋಬ್‌ನ ತೂತಿಗೆ ಅದು ಹೊಕ್ಕರೆ ಆ ಮಗುವಿನ ಪರೀಕ್ಷೆ ಮಾತ್ರವಲ್ಲ, ಮುಂದಿನ ನಾಲ್ಕು ಮಕ್ಕಳದ್ದೂ ಹಾಳು. ಡಿಸ್ಚಾರ್ಜ್ ದಿನವೇ ಅಜ್ಜಿಗೆ, ತಾಯಿಗಲ್ಲ ಅಜ್ಜಿಗೆ, ಹೇಳಬೇಕು: ‘ಅಜ್ಜಿ, ಮತ್ತೆ ಕಿವಿ ನೋಡೋವರೆಗೂ ಎಣ್ಣೆ ಬಿಡಬೇಡಿ.’ ಬೈದು ಹೇಳಿದರೆ ನಡೆಯುವುದಿಲ್ಲ, ಕಾರಣ ಹೇಳಿದರೆ ಕೇಳುತ್ತಾರೆ. ನಾಮಕರಣದ ಜೊತೆಗೇ ಕಿವಿ ಚುಚ್ಚಿಸಿದ್ದರೆ ಹಾಲೆ ಊದಿಕೊಂಡು, ಕಿವಿ ಮುಟ್ಟಿದರೆ ಮಗು ಎದ್ದುಬಿಡುತ್ತದೆ. ಅದನ್ನೂ ಎರಡನೇ ತಪಾಸಣೆ ಆದ ಮೇಲೆ ಇಟ್ಟುಕೊಳ್ಳಿ ಎನ್ನಬಹುದು.

ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ರೂಢಿ ನಮ್ಮಲ್ಲಿ ಇದೆ. ರಕ್ತಸಂಬಂಧದ ಮದುವೆಯಲ್ಲಿ ವಂಶವಾಹಿ ಕಿವುಡುತನದ ಸಾಧ್ಯತೆ ಏರುತ್ತದೆ, ಮನೆತನದಲ್ಲಿ ಆಗಲೇ ಹುಟ್ಟು ಕಿವುಡರಿದ್ದರೆ ಇನ್ನೂ ಹೆಚ್ಚು. ಫಾರಂನಲ್ಲಿ ಈ ಎರಡೂ ಪ್ರಶ್ನೆ ಇರಲಿ. ಕೇಳುವ ರೀತಿ ಮಾತ್ರ ಕಲಿಸಬೇಕು. ‘ಸಂಬಂಧದಲ್ಲೇ ಮದುವೆ ಆಗಿದ್ದೀರಾ ಅಮ್ಮಾ?’ ಎಂದರೆ ಉತ್ತರ ಬರುತ್ತದೆ. ತಪ್ಪು ಹುಡುಕುವ ದನಿಯಲ್ಲಿ ಕೇಳಿದರೆ ‘ಇಲ್ಲ’ ಎಂದು ಬರುತ್ತದೆ.

ತಾಯಿಗೆ ಫಲಿತಾಂಶ ಹೇಳುವ ಮಾತನ್ನು ಬಾಯಿಪಾಠ ಮಾಡಿಸಬೇಕು ಎಂದರೆ ನಗಬೇಡಿ. ರೆಫರ್ ಬಂದಾಗ ಎರಡು ತಪ್ಪು ಮಾತು ಆಡುತ್ತಾರೆ. ಒಂದು, ‘ಮಗುವಿಗೆ ಕಿವಿ ಕೇಳಿಸಲ್ಲ ಅನಿಸುತ್ತೆ.’ ಬಾಣಂತಿ ಅಳುತ್ತ ಮಲಗುತ್ತಾಳೆ, ಆಮೇಲೆ ಮಗು ಪಾಸ್ ಆದರೂ ಮನೆಯಲ್ಲಿ ಮಾತು ಹರಡಿರುತ್ತದೆ. ಇನ್ನೊಂದು, ‘ಏನಿಲ್ಲ, ಕಿವೀಲಿ ನೀರಿದೆ ಅಷ್ಟೇ.’ ಕೇಳಲು ಹಿತ, ಕೇಡು ಇದರಿಂದಲೇ ಹೆಚ್ಚು. ಏನೂ ಇಲ್ಲ ಎಂದ ಮೇಲೆ ಕೂಲಿ ಬಿಟ್ಟು, ಬಸ್ಸು ಹತ್ತಿ ಯಾರು ವಾಪಸ್ ಬರುತ್ತಾರೆ? ಹೇಳಬೇಕಾದದ್ದು ಇಷ್ಟು: ‘ಈ ಸಲ ಈ ಕಿವಿಯಿಂದ ಉತ್ತರ ಸಿಗಲಿಲ್ಲಮ್ಮಾ. ಜಿಡ್ಡಿದ್ದರೂ ಹೀಗಾಗುತ್ತೆ, ಕೇಳಿಸೋದರಲ್ಲಿ ತೊಂದರೆ ಇದ್ದರೂ ಹೀಗಾಗುತ್ತೆ. ಯಾವುದು ಅಂತ ತಿಳಿಯೋಕೆ ಇಂಥ ದಿನ ಇನ್ನೊಂದು ಸಲ ನೋಡಲೇಬೇಕು.’ ಬಾಗೇಪಲ್ಲಿ, ಚಿಂತಾಮಣಿ ಕಡೆಯ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿ ‘ಇಂಕೋಸಾರಿ ಚೂಡಾಲಮ್ಮಾ’ (ಇನ್ನೊಂದು ಸಲ ನೋಡಬೇಕಮ್ಮಾ) ಎಂದು ಶುರುಮಾಡಬಲ್ಲವರೇ ಈ ಮಾತು ಹೇಳಲಿ. ಪಾಸ್ ಆದವರಿಗೂ ಒಂದು ಮಾತಿದೆ: ಇವತ್ತಿನ ಮಟ್ಟಿಗೆ ಸರಿಯಿದೆ, ಮುಂದೆ ಮೆದುಳುಜ್ವರ ಬಂದರೆ ಅಥವಾ ಮಾತು ತಡವಾದರೆ ಮತ್ತೆ ತೋರಿಸಿ. ತಟ್ಟೆ ಬಡಿದು ಮಗು ಬೆಚ್ಚಿತು ಎಂಬುದು ಪರೀಕ್ಷೆಯಲ್ಲ ಎಂದೂ ಸೇರಿಸಬೇಕು. ಒಂದೇ ಕಿವಿ ಕೇಳಿಸುವ ಮಗುವೂ, ಭಾಗಶಃ ಕೇಳಿಸುವ ಮಗುವೂ ತಟ್ಟೆಯ ಸದ್ದಿಗೆ ಬೆಚ್ಚುತ್ತವೆ.

ಇನ್ನು ವಾಪಸ್ ಬರುವ ದಾರಿ. ಹೆರಿಗೆ ತವರಿನಲ್ಲಿ. ತಾಯಿ ಕಾರ್ಡ್ ಒಂದು ತಾಲ್ಲೂಕಿನದು, ಹೆರಿಗೆ ಇನ್ನೊಂದು ತಾಲ್ಲೂಕಿನಲ್ಲಿ, ಗಂಡನ ಮನೆ ಗಡಿಯಾಚೆ ಆಂಧ್ರದಲ್ಲಿ ಇದ್ದರೂ ಇರಬಹುದು. ಬಾಣಂತಿ ಮೂರೋ ಐದೋ ತಿಂಗಳಿಗೆ ಹೊರಟಳೆಂದರೆ ನಮ್ಮ ರಿಜಿಸ್ಟರಿನಿಂದಲೂ ಹೊರಟಳು. ಆದ್ದರಿಂದ ಎರಡು ಫೋನ್ ನಂಬರ್ ಬರೆದುಕೊಳ್ಳಬೇಕು, ತವರಿನದೊಂದು, ಗಂಡನ ಮನೆಯದೊಂದು. ಎರಡನೇ ತಪಾಸಣೆ ಎರಡು ವಾರದ ಹೊತ್ತಿಗೆ ಆಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನಗಳಲ್ಲಿ ಮನೆಗೆ ಹೋಗಿ ನೋಡುತ್ತಾರೆ. 7ನೇ ದಿನದ ಭೇಟಿಯಲ್ಲಿ ನೆನಪಿಸಲಿ, 14ರಂದು ಹೋಗಿ ಬಂದರೇ ಎಂದು ಕೇಳಲಿ. ತಪ್ಪಿಸಿಕೊಂಡವರಿಗೆ ಕೊನೆಯ ಬಲೆ ಒಂದೂವರೆ ತಿಂಗಳ ಲಸಿಕೆ. ಹೊಸ ಹುದ್ದೆ, ಹೊಸ ಆ್ಯಪ್ ಯಾವುದೂ ಬೇಡ, ಇರುವ ಭೇಟಿಗೆ ಒಂದು ಪ್ರಶ್ನೆ ಸೇರಿಸಿದರೆ ಸಾಕು. ಎರಡನೇ ಸಲ ಬಂದಾಗ ಮೊದಲು ಒಂದೇ ಕಿವಿ ರೆಫರ್ ಆಗಿದ್ದರೂ ಎರಡನ್ನೂ ನೋಡಬೇಕು.

ಆಗಲೂ ರೆಫರ್ ಆದರೆ ಬೆರಾ ಪರೀಕ್ಷೆ, ಅಂದರೆ ನರ ಮತ್ತು ಮಿದುಳುಕಾಂಡದ ಪ್ರತಿಕ್ರಿಯೆ ಅಳೆದು ಶ್ರವಣದೋಷ ಖಚಿತಪಡಿಸುವ ಪರೀಕ್ಷೆ. ಅದರ ದಿನಾಂಕವನ್ನು ತಾಯಿ ಎದುರಿಗೇ ಫೋನ್ ಮಾಡಿ ಗೊತ್ತುಮಾಡಿ ಕಾರ್ಡಿನ ಮೇಲೆ ಬರೆದು ಕಳುಹಿಸಬೇಕು. ‘ಬೆಂಗಳೂರಿಗೆ ಹೋಗಿ’ ಎಂಬುದು ದಿನಾಂಕವಲ್ಲ. ಮೂರು ತಿಂಗಳೊಳಗಿನ ಕೂಸು ಹಾಲು ಕುಡಿದು ತಾನಾಗಿ ಮಲಗುತ್ತದೆ, ಬೆರಾ ಸಲೀಸು. ತಡವಾದಷ್ಟೂ ನಿದ್ದೆಯ ಔಷಧಿ ಬೇಕಾಗುತ್ತದೆ, ಅದಕ್ಕೆ ವೈದ್ಯರು, ನಿಗಾ, ಇನ್ನೊಂದು ದಿನ. ನಡುಗಿವಿ ನೋಡುವ ಟಿಂಪನೋಮೆಟ್ರಿಯನ್ನು ಆರು ತಿಂಗಳೊಳಗಿನ ಕೂಸಿಗೆ 1,000 ಹರ್ಟ್ಜ್‌ನಲ್ಲಿ ಮಾಡಬೇಕು. ಜಿಲ್ಲಾ ಕೇಂದ್ರಕ್ಕೆ ಯಂತ್ರ ಕೊಳ್ಳುವಾಗ ಆ ಸೌಲಭ್ಯ ಇದೆಯೇ ಎಂದು ನೋಡಿ ಕೊಳ್ಳಿ. ದೊಡ್ಡವರಿಗೆ ಬಳಸುವ 226 ಹರ್ಟ್ಜ್ ಎಳೆಗೂಸಿನಲ್ಲಿ ದಾರಿ ತಪ್ಪಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ತರಬೇತಿಯ ಅಳತೆ ಗೊತ್ತಾಗಲೆಂದು. ನಮ್ಮ ಕೋರಿಕೆ ಇಂತಿದೆ. ಒಬ್ಬ ಆಡಿಯೊಲಾಜಿಸ್ಟ್‌ಗೆ (ಶ್ರವಣ ತಜ್ಞರಿಗೆ), ಒಂದು ಯಂತ್ರಕ್ಕೆ ನಾಲ್ವರಿಗಿಂತ ಹೆಚ್ಚು ಕಲಿಯುವವರು ಬೇಡ. ಮೊದಲ ದಿನ ಅರ್ಧ ಪಾಠ, ಅರ್ಧ ಯಂತ್ರ. ಎರಡನೇ ದಿನದಿಂದ ಬಾಣಂತಿ ವಾರ್ಡ್. ಪ್ರತಿಯೊಬ್ಬರೂ ಕಲಿಸುವವರ ಕಣ್ಣೆದುರು ಕನಿಷ್ಠ 25 ಕೂಸು, ಅಂದರೆ 50 ಕಿವಿ, ನೋಡಿ ಮುಗಿಸಬೇಕು. ದಿನಕ್ಕೆ ಐದು ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಮೂವರು ಕಲಿಯುವುದಾದರೆ ಇದಕ್ಕೆ ಎರಡು ವಾರದ ಮೇಲೆ ಬೇಕು. ಪ್ರಮಾಣಪತ್ರ ಆಮೇಲೆ. ಮೂರು ತಿಂಗಳಾದ ಮೇಲೆ ಒಮ್ಮೆ ಬಂದು ಅವರು ಮಾಡುವುದನ್ನು ನಿಂತು ನೋಡಬೇಕು. ಸ್ಕ್ರೀನಿಂಗ್ ಮಾಡುವವರು ಆಡಿಯೊಲಾಜಿಸ್ಟ್ ಆಗಿರಬೇಕಿಲ್ಲ. ಶುಶ್ರೂಷಾಧಿಕಾರಿಗಳು ಚೆನ್ನಾಗಿ ಮಾಡುತ್ತಾರೆ, ಕೂಸನ್ನು ಹಿಡಿಯುವುದರಲ್ಲಿ ನಮಗಿಂತ ಒಂದು ಕೈ ಮೇಲು. ಅವರ ಕೆಲಸದ ಮೇಲ್ವಿಚಾರಣೆ ಮಾತ್ರ ಆಡಿಯೊಲಾಜಿಸ್ಟ್‌ನದಾಗಿರಬೇಕು.

ಯಾಕೆ ಮೂವರು, ವಾರ್ಡಿನ ಎಲ್ಲರೂ ಯಾಕಲ್ಲ? ತಿಂಗಳಿಗೆ 150 ಹೆರಿಗೆ ಎಂದುಕೊಳ್ಳೋಣ. ಮೂವರು ಹಂಚಿಕೊಂಡರೆ ತಲಾ 50 ಕೂಸು, ಕೈ ಪಳಗುತ್ತದೆ. ಇಪ್ಪತ್ತು ಜನ ಹಂಚಿಕೊಂಡರೆ ತಲಾ ಏಳೆಂಟು, ಪ್ರತಿ ಸಲವೂ ಹೊಸದಾಗಿ ಶುರು ಮಾಡಿದ ಹಾಗೆ. ಒಬ್ಬರೇ ಆದರೆ ಅವರ ರಜೆ ದಿನ ತಪಾಸಣೆಗೂ ರಜೆ. ಮೊದಲ ಸುತ್ತಿನಲ್ಲಿ 100ಕ್ಕೆ 20 ರೆಫರ್ ಬಂದರೆ 150ರಲ್ಲಿ 30 ತಾಯಂದಿರು ವಾಪಸ್ ಬರಬೇಕು. ಅದನ್ನೇ 8ಕ್ಕೆ ಇಳಿಸಿದರೆ 12 ಜನ. ಆ 18 ಮನೆಗಳ ಬಸ್ ಚಾರ್ಜು, ಕೂಲಿ, ಗಾಬರಿ ಎಲ್ಲವೂ ಟಿಪ್ ಕೂರಿಸುವ ಕೈಯ ಮೇಲೆ ನಿಂತಿದೆ. ಮರುತಪಾಸಣೆಯೂ ಮುಗಿದ ಮೇಲೆ ಬೆರಾಗೆ ಹೋಗುವವರು ಶೇ 4ಕ್ಕಿಂತ ಕಡಿಮೆ ಇರಬೇಕು ಎಂಬುದು ಎಲ್ಲೆಡೆ ಒಪ್ಪಿದ ಮಟ್ಟ.

ಈ ಅಂಕಿಯನ್ನು ಆಸ್ಪತ್ರೆವಾರು ಕೇಳಬೇಡಿ, ಹೆಸರುವಾರು ಕೇಳಿ. ರಿಜಿಸ್ಟರಿನಲ್ಲಿ ಆರ್‌ಸಿಎಚ್ ಸಂಖ್ಯೆ (ತಾಯಿ-ಮಗುವಿನ ನೋಂದಣಿ ಸಂಖ್ಯೆ), ಹುಟ್ಟಿದ ಗಂಟೆ, ನೋಡಿದ ಗಂಟೆ, ಎಷ್ಟು ಸಲ, ಯಾರು ನೋಡಿದರು ಎಂಬ ಅಂಕಣಗಳಿರಲಿ. ಒಂದೇ ವಾರ್ಡಿನಲ್ಲಿ ಒಬ್ಬರದು ಶೇ 25, ಇನ್ನೊಬ್ಬರದು ಶೇ 1 ರೆಫರ್ ಎಂದರೆ ಇಬ್ಬರ ಪಕ್ಕದಲ್ಲೂ ನಿಂತು ನೋಡಬೇಕು. ಮೊದಲಿನವರಿಗೆ ಟಿಪ್ ಕೂರುತ್ತಿಲ್ಲ. ಎರಡನೆಯವರು ಬಹುಶಃ ಪಾಸ್ ಬರುವ ತನಕ ಒತ್ತುತ್ತಿದ್ದಾರೆ. ಇದಕ್ಕೆ ನೋಟಿಸ್ ಕೊಟ್ಟರೆ ಮುಂದಿನ ತಿಂಗಳಿಂದ ಎಲ್ಲರ ಅಂಕಿಯೂ ಸುಂದರವಾಗುತ್ತದೆ, ಪ್ರಯೋಜನ ಮಾತ್ರ ಇರುವುದಿಲ್ಲ.

ತರಬೇತಿ ಪಡೆದ ಮೂವರನ್ನೂ ಒಟ್ಟಿಗೆ ಆಪರೇಷನ್ ಥಿಯೇಟರಿಗೋ ರಾತ್ರಿ ಪಾಳಿಗೋ ಹಾಕಬಾರದು ಎಂದು ನಿಮ್ಮ ಆದೇಶದಲ್ಲೇ ಬರೆಯಿರಿ. ಒಬ್ಬರು ವರ್ಗವಾದರೆ, ಗುತ್ತಿಗೆ ಮುಗಿದರೆ, ಹೋಗುವ ಮುನ್ನ ಬದಲಿಯವರಿಗೆ 25 ಕೂಸು ಮಾಡಿಸಿ ಹೋಗಲಿ. ಡಿಸ್ಚಾರ್ಜ್ ಬೆಳಿಗ್ಗೆ ಆಗುತ್ತದೆ, ಆ ಗಡಿಬಿಡಿಯಲ್ಲಿ ಕಿವಿ ನೋಡಲಾಗದು. ಹಿಂದಿನ ಮಧ್ಯಾಹ್ನ, ನೋಡಲು ಬರುವವರ ಹೊತ್ತು ಮುಗಿದ ಮೇಲೆ, ಒಂದೂವರೆ ಗಂಟೆ ಇದಕ್ಕೇ ಇರಲಿ. ಸೌಂಡ್‌ಪ್ರೂಫ್ ಕೋಣೆ ಬೇಕಿಲ್ಲ. ಜನರೇಟರ್, ಆಟೊಕ್ಲೇವ್, ಆಕ್ಸಿಜನ್ ಕಾನ್ಸಂಟ್ರೇಟರ್‌ನಿಂದ ದೂರವಿರುವ, ಬಾಗಿಲು ಮುಚ್ಚುವ, ಫ್ಯಾನ್ ಆರಿಸಬಹುದಾದ ಒಂದು ಸ್ಟೋರ್ ರೂಮ್ ಸಾಕು.

ಯಂತ್ರದ ಆರೈಕೆ ತರಬೇತಿಯ ಭಾಗ. ಪ್ರತಿದಿನ ಬೆಳಿಗ್ಗೆ ಎರಡು ನಿಮಿಷದ ಪರೀಕ್ಷೆ: ಪ್ರೋಬನ್ನು ಯಂತ್ರದ ಜೊತೆ ಬರುವ ಪರೀಕ್ಷಾ ಕುಳಿಯಲ್ಲಿ ಇಟ್ಟರೆ ‘ರೆಫರ್’ ಬರಬೇಕು, ಚೆನ್ನಾಗಿ ಕೇಳಿಸುವ ಸಿಸ್ಟರ್ ಕಿವಿಯಲ್ಲಿ ಇಟ್ಟರೆ ‘ಪಾಸ್’ ಬರಬೇಕು. ಪ್ಲಾಸ್ಟಿಕ್ ಕುಳಿಗೇ ಪಾಸ್ ಕೊಡುವ ಯಂತ್ರ ಆ ದಿನ ಯಾವ ಮಗುವನ್ನೂ ಮುಟ್ಟಬಾರದು. ಪ್ರೋಬ್‌ನ ಬಾಯಿಗೆ ಸ್ಪಿರಿಟ್ ಹತ್ತಿ ಒತ್ತಬಾರದು, ಒಳಗೆ ಇಳಿದು ಮೈಕ್ ಕೆಡುತ್ತದೆ. ಹೊರಮೈ ಒರೆಸಬೇಕು, ತೂತಿಗೆ ಕಂಪನಿ ಕೊಟ್ಟ ಎಳೆಯನ್ನೇ ಬಳಸಬೇಕು. ವೈರನ್ನು ಯಂತ್ರಕ್ಕೆ ಬಿಗಿಯಾಗಿ ಸುತ್ತಿದರೆ ಬುಡದಲ್ಲಿ ತುಂಡಾಗುತ್ತದೆ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್, ಅದರ ಹಣವನ್ನು ಕೊಳ್ಳುವಾಗಲೇ ಒಪ್ಪಂದದಲ್ಲಿ ಸೇರಿಸಿ. ಹೆಚ್ಚಿನ ಕಡೆ ಯಂತ್ರ ನಿಲ್ಲುವುದು ಕೆಟ್ಟು ಅಲ್ಲ, ಟಿಪ್ ಮುಗಿದು. ಒಂದು ಕೂಸಿನ ಎರಡೂ ಕಿವಿಗೆ ಒಂದು ಟಿಪ್, ಜಿಡ್ಡಾಗಿ ಬದಲಿಸಿದ್ದು, ಮರುತಪಾಸಣೆ ಎಲ್ಲ ಸೇರಿ 150 ಹೆರಿಗೆಯ ಆಸ್ಪತ್ರೆಗೆ ತಿಂಗಳಿಗೆ 200 ಟಿಪ್ ಲೆಕ್ಕ ಹಿಡಿಯಿರಿ, ಅದರಲ್ಲಿ ಮುಕ್ಕಾಲು ಪಾಲು ಅತಿ ಚಿಕ್ಕ ಅಳತೆಗಳವು. ಎಲ್ಲ ಅಳತೆ ಸಮಸಮ ಕೊಳ್ಳುವ ಕಿಟ್‌ಗಳಲ್ಲಿ ಬೇಡದ ದೊಡ್ಡ ಟಿಪ್‌ಗಳು ಡಬ್ಬಿಯಲ್ಲೇ ಉಳಿದು, ಬೇಕಾದ ಚಿಕ್ಕವು ಮೊದಲ ತಿಂಗಳೇ ಖಾಲಿಯಾಗುತ್ತವೆ.

ಮೊದಲ ತಂಡಕ್ಕೆ ಬಾಗೇಪಲ್ಲಿಯನ್ನು ತೆಗೆದುಕೊಳ್ಳಿ ಎಂಬುದು ನಮ್ಮ ಸಲಹೆ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್, ಎರಡು ಭಾಷೆ, ಪಕ್ಕದಲ್ಲೇ ಗಡಿ. ತೊಡಕುಗಳೆಲ್ಲ ಅಲ್ಲೇ ಒಟ್ಟಿಗೆ ಸಿಗುತ್ತವೆ. ಪಾಠ ಅಲ್ಲಿನ ವಾರ್ಡಿನಲ್ಲೇ ನಡೆಯಲಿ, ಜಿಲ್ಲಾ ಕೇಂದ್ರದ ಸಭಾಂಗಣ ಬೇಡ. ಕಲಿಸಲು ನಮಗೆ ಒಂದು ವಾರ ಮುಂಚೆ ತಿಳಿಸಿದರೆ ಸಾಕು. ಟಿಪ್‌ಗಳ ಇಂಡೆಂಟ್ ಮಾತ್ರ ಇವತ್ತೇ ಹೋಗಲಿ, ಅವು ಬರಲು ನಮಗಿಂತ ಹೆಚ್ಚು ದಿನ ಹಿಡಿಯುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ನವಜಾತ ಶಿಶುಗಳ ಶ್ರವಣ ತಪಾಸಣೆಯ ಕೆಲಸ ಬಲ್ಲ ಆಡಿಯೊಲಾಜಿಸ್ಟ್‌ಗಳು ಮತ್ತು ಶುಶ್ರೂಷಾಧಿಕಾರಿಗಳು
ಚಿಕ್ಕಬಳ್ಳಾಪುರ ಜಿಲ್ಲೆ